ಎರಡು–ನಾಲ್ಕರ ಪಕಾಸು ನಿಜಕ್ಕೂ ಎಷ್ಟು ಇಂಚು?

ಅಡಿಕೆ ಸುಗ್ಗಿ ಮುಗಿದು ಕೈಗೆ ಹಣ ಬಂತೆಂದರೆ ಮಲೆನಾಡಿನಲ್ಲಿ ಹಳೇ ಮನೆಯ ಹಂಚಿನ ಮಾಡು ಬಿಚ್ಚಿಸುವ ಮಾತು ಶುರುವಾಗುತ್ತದೆ. ಇಬ್ಬರು ಮೂವರು ಮರಗೆಲಸದ ಗುತ್ತಿಗೆದಾರರನ್ನು ಕರೆಸುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ: "ಸಿಎಫ್‌ಟಿಗೆ ಎಷ್ಟು?" ಸಿಎಫ್‌ಟಿ ಎಂದರೆ ಘನ ಅಡಿ. ಕಡಿಮೆ ಹೇಳಿದವರಿಗೆ ಕೆಲಸ. ಆ ಸಿಎಫ್‌ಟಿಯನ್ನು ಎಲ್ಲಿ ಅಳೆಯುತ್ತೀರಿ ಎಂದು ಕೇಳುವವರೇ ಇಲ್ಲ. ಬಿಲ್ ಬಂದ ದಿನ ಜಗಲಿಯಲ್ಲಿ ಜಗಳ.

ಒಂದೇ ಮರಕ್ಕೆ ಮೂರು ಅಳತೆಗಳಿವೆ: ದಿಮ್ಮಿಯದು, ಸಾಮಿಲ್‌ನಲ್ಲಿ ಕೊಯ್ದ ಮೇಲಿನದು, ಹತ್ತರಿ ಹೊಡೆದು ನಯ ಮಾಡಿದ ಮೇಲಿನದು. ಮೂರೂ ಸಿಎಫ್‌ಟಿಯೇ, ಆದರೆ ಬೇರೆ ಬೇರೆ ಸಿಎಫ್‌ಟಿ.

ದಿಮ್ಮಿಯ ಲೆಕ್ಕ ಹೀಗೆ: ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಬೇಕು. 48 ಇಂಚು ಸುತ್ತಿನ, 10 ಅಡಿ ಉದ್ದದ ದಿಮ್ಮಿ ಸರಿಯಾಗಿ 10 ಸಿಎಫ್‌ಟಿ. ಇದರಿಂದ ಮನೆಗೆ ಬರುವ ಚೌಕ ಮರ ಎಷ್ಟು? ದುಂಡನೆಯ ದಿಮ್ಮಿಯಿಂದ ಒಂದೇ ಚೌಕ ತೊಲೆ ತೆಗೆದರೆ ಹೆಚ್ಚೆಂದರೆ 8 ಸಿಎಫ್‌ಟಿ. ತೊಗಟೆಯ ಒಳಗಿನ ಬಿಳಿ ಭಾಗ ಕಳೆದು, ಗರಗಸ ತಿಂದದ್ದು ಕಳೆದು, ಪಕಾಸಾಗಿ (ಮಾಡಿನ ಇಳಿಜಾರಿನಲ್ಲಿ ಹಂಚಿನ ಭಾರ ಹೊರುವ ಉದ್ದ ಮರಗಳಾಗಿ) ಕೊಯ್ದರೆ ಆರು, ಆರೂವರೆ. ದಿಮ್ಮಿ ಸೊಟ್ಟಗಿದ್ದರೆ, ಒಳಗೆ ಪೊಳ್ಳಿದ್ದರೆ ಅದಕ್ಕೂ ಕಡಿಮೆ. ತೊಗಟೆಯ ಮೇಲೆಯೇ ಟೇಪು ಸುತ್ತಿದರೆ ಇನ್ನೊಂದು ನಷ್ಟ: ಅರ್ಧ ಇಂಚು ದಪ್ಪದ ತೊಗಟೆ ಸುತ್ತಳತೆಗೆ ಮೂರು ಇಂಚು ಸೇರಿಸುತ್ತದೆ, ಅದೇ ದಿಮ್ಮಿ ಲೆಕ್ಕದಲ್ಲಿ 11.3 ಸಿಎಫ್‌ಟಿ ಆಗುತ್ತದೆ.

ಈಗ ದರಕ್ಕೆ ಬನ್ನಿ. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಮಾರುಕಟ್ಟೆಯ ದರವಲ್ಲ. ಒಬ್ಬರು ಕೊಯ್ದ ಮರಕ್ಕೆ ಸಿಎಫ್‌ಟಿಗೆ 3,000 ಅಂದರು, ಇನ್ನೊಬ್ಬರು ದಿಮ್ಮಿ ಅಳತೆಯಲ್ಲಿ 2,600 ಅಂದರು. ಎರಡನೆಯವರ 10 ಸಿಎಫ್‌ಟಿಗೆ 26,000 ಕೊಟ್ಟು ನಿಮಗೆ ಸಿಕ್ಕಿದ್ದು ಆರೂವರೆ. ಅಲ್ಲಿಗೆ ಸಿಎಫ್‌ಟಿಗೆ 4,000 ಬಿತ್ತು, ಕೊಯ್ಲಿನ ಖರ್ಚು ಬೇರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರ ರೂಢಿ ಒಂದೊಂದು, ಅಷ್ಟೇ. ಹಾಗಾಗಿ ದರ ಕೇಳುವ ಮೊದಲೇ ಕೇಳಿ: "ಆಚಾರ್ರೇ, ಅಳತೆ ದಿಮ್ಮಿಯದೋ, ಸಾಮಿಲ್‌ನದೋ, ಹತ್ತರಿ ಹೊಡೆದ ಮೇಲಿನದೋ?" ಒಳ್ಳೆ ಕೆಲಸಗಾರರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಲೆಕ್ಕ ಗೊತ್ತಿರುವ ಮನೆಯವರು ಸಿಕ್ಕರೆ ಅವರಿಗೂ ನಿರಾಳ.

ಕೊಯ್ದ ಮರದ ಲೆಕ್ಕ ಸುಲಭ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಎರಡು–ನಾಲ್ಕರ, 14 ಅಡಿಯ 60 ಪಕಾಸಿಗೆ 46.7 ಸಿಎಫ್‌ಟಿ. ಆದರೆ ಸಾಮಿಲ್‌ನಿಂದ ಎರಡು–ನಾಲ್ಕಾಗಿಯೇ ಬಂದ ಮರ ನಾಲ್ಕೂ ಮೈ ನಯ ಮಾಡುವಾಗ ಒಂದೂಮುಕ್ಕಾಲು–ಮೂರೂಮುಕ್ಕಾಲಿಗೆ ಇಳಿದಿರುತ್ತದೆ. ಮಾಡಿಗೆ ಏರಿದ ಮರ 38.3 ಸಿಎಫ್‌ಟಿ.

ಹಣದ ವ್ಯತ್ಯಾಸ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಶಕ್ತಿಯ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಪಕಾಸಿನ ಬಲ ಅದರ ಅಗಲಕ್ಕೆ (ಇಲ್ಲಿ ಎರಡು ಇಂಚು) ತಕ್ಕಂತೆ ಹೆಚ್ಚಿದರೆ, ನಿಲ್ಲಿಸಿದಾಗಿನ ಎತ್ತರದ (ನಾಲ್ಕು ಇಂಚು) ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಬಾಗದೆ ನಿಲ್ಲುವ ಗುಣವಂತೂ ಎತ್ತರದ ಘನಕ್ಕೆ ತಕ್ಕಂತೆ. ಅಗಲ, ಎತ್ತರ ಎರಡರಲ್ಲೂ ಕಾಲಿಂಚು ಕಡಿಮೆಯಾದರೆ ಬಲ ಸುಮಾರು ಶೇ 23ರಷ್ಟು, ಬಾಗದೆ ನಿಲ್ಲುವ ಗುಣ ಶೇ 28ರಷ್ಟು ಇಳಿಯುತ್ತದೆ. ಮಂಗಳೂರು ಹಂಚು 100 ಚದರಡಿಗೆ ಸುಮಾರು 150 ಬೇಕು, ಒಂದೊಂದೂ ಎರಡೂವರೆ ಕಿಲೋದಷ್ಟು, ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಮೂರು ನಾಲ್ಕು ಮಳೆಗಾಲ ಕಳೆದ ಮೇಲೆ ಮಾಡು ನಡುವೆ ತಗ್ಗಾಗಿ, ಹಂಚಿನ ಸಂದಿ ಬಿಟ್ಟು ಸೋರಲು ಶುರುವಾಗುವುದು ಎಷ್ಟೋ ಸಲ ಈ ಕಾಲಿಂಚಿನಿಂದ. "ನಯ ಮಾಡಿದ ಮೇಲೆ ಎರಡು–ನಾಲ್ಕು ಉಳಿಯಬೇಕು" ಎಂದು ಬರೆಸಿದರೆ ಮರ ಎರಡೂಕಾಲು–ನಾಲ್ಕೂಕಾಲಕ್ಕೆ ಕೊಯ್ಯಬೇಕಾಗುತ್ತದೆ, ಖರ್ಚು ಏರುತ್ತದೆ. ಆ ಖರ್ಚನ್ನು ಒಪ್ಪಿಕೊಳ್ಳಿ. ಅದು ಬೇಡವಾದರೆ ಮೇಲೆ ಕಾಣದ ಕಡೆ ಹತ್ತರಿಯೇ ಬೇಡ ಎನ್ನಿ, ಮಾಡಿಗೆ ನಯಕ್ಕಿಂತ ಮರ ಮುಖ್ಯ. ಪಕಾಸನ್ನು ಮಲಗಿಸಿ ಹಾಕಲು ಮಾತ್ರ ಬಿಡಬೇಡಿ. ಅದೇ ಎರಡು–ನಾಲ್ಕು ಮಲಗಿದರೆ ಬಲ ಅರ್ಧ, ಬಾಗದೆ ನಿಲ್ಲುವ ಗುಣ ಕಾಲು ಭಾಗ.

ದಾರಂದಕ್ಕೆ ಇಷ್ಟು ಚಿಂತೆ ಬೇಡ. ಐದು–ಮೂರರದ್ದು ನಯ ಮಾಡಿದ ಮೇಲೆ ನಾಲ್ಕೂಮುಕ್ಕಾಲು–ಎರಡೂಮುಕ್ಕಾಲು ಆದರೆ ಬಾಗಿಲಿಗೇನೂ ಆಗದು, ಬಿಲ್ ಯಾವುದರ ಮೇಲೆ ಎಂಬುದು ಗೊತ್ತಿದ್ದರೆ ಸಾಕು.

ಹಸಿ ಮರವೂ ಅಳತೆಯ ಪ್ರಶ್ನೆಯೇ. ಒಣಗುವಾಗ ಮರ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ನಾಲ್ಕು ಇಂಚಿನಲ್ಲಿ ಕಾಲಿಂಚಿನವರೆಗೂ ಹೋಗಬಹುದು. ಮಾಡಿನ ಮರದ ತೇವ ಶೇ 20ರೊಳಗೆ, ಬಾಗಿಲು ಕಿಟಕಿಯದು ಶೇ 12–15ರ ಆಸುಪಾಸು ಇದ್ದರೆ ಒಳ್ಳೆಯದು. ತೇವ ಅಳೆಯುವ ಸಣ್ಣ ಮೀಟರು ಸಿಗುತ್ತದೆ, ತುದಿಯಲ್ಲಲ್ಲ, ನಡುವೆ ಚುಚ್ಚಿ ನೋಡಿ. ಏಪ್ರಿಲ್ ಕೊನೆಗೆ ಗುತ್ತಿಗೆದಾರರನ್ನು ಹುಡುಕಿ, ಮಳೆ ಬರುವುದರೊಳಗೆ ಹಂಚು ಹಾಕಿಸಿ ಎಂದರೆ ಅವರು ಒಣ ಮರ ಎಲ್ಲಿಂದ ತರಬೇಕು? ಮರವನ್ನು ನವೆಂಬರಿನಲ್ಲೇ ಕೊಯ್ಸಿ, ನೆರಳಿನಲ್ಲಿ, ಸಾಲುಗಳ ನಡುವೆ ರೀಪಿನ (ಹಂಚು ಕೂರಿಸುವ ತೆಳು ಪಟ್ಟಿಯ) ತುಂಡಿಟ್ಟು ಪೇರಿಸಿಡಿ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಸಾಗಿಸಲು ರಹದಾರಿ ಬೇಕೇ ಎಂಬುದನ್ನೂ ಅಲ್ಲೇ ಕೇಳಿ.

ರೀಪು ಹೊಡೆಸುವ ಮೊದಲು ಹಂಚು ಅಂಗಳದಲ್ಲಿರಲಿ. ಒಂದು ಕಾರ್ಖಾನೆಯ ಹಂಚಿನ ಅಂತರ ಇನ್ನೊಂದರದಕ್ಕೆ ಹೊಂದುವುದಿಲ್ಲ. ಹತ್ತು ಹಂಚು ಜೋಡಿಸಿ ಅಳೆದೇ ರೀಪಿನ ಅಂತರ ನಿಗದಿ ಮಾಡಬೇಕು.

ಕೂಲಿಯ ಚದರಡಿಯಲ್ಲೂ ಇದೇ ಗೊಂದಲ. ಮನೆ 30–40 ಅಂದರೆ 1,200 ಚದರಡಿ ಎಂದುಕೊಂಡಿರುತ್ತಾರೆ. ಸುತ್ತ ಎರಡೂವರೆ ಅಡಿ ಸೂರು ಸೇರಿದರೆ 35–45, ಅಂದರೆ 1,575. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ 1.155ರಿಂದ ಗುಣಿಸಬೇಕು, ಸುಮಾರು 1,820 ಆಯಿತು. ಕೆಲಸದವರು ಏರಿ ದುಡಿಯುವುದು ಈ 1,820ರ ಮೇಲೆ, ಕೂಲಿ ಕೇಳುವುದು ನ್ಯಾಯ. ನಾಲ್ಕು ಕಡೆ ಇಳಿಯುವ ಮಾಡಾದರೂ ಇಳಿಜಾರು ಅಷ್ಟೇ ಇದ್ದರೆ ಚದರಡಿ ಬದಲಾಗುವುದಿಲ್ಲ. ಮೂಲೆಗಳಲ್ಲಿ ಹಂಚು ಕತ್ತರಿಸುವ ಕೆಲಸ, ಹಾಳಾಗುವ ಮರ ಹೆಚ್ಚು, ಅದಕ್ಕೆ ಬೇರೆ ಮಾತಾಡಿಕೊಳ್ಳಿ.

ಇದೆಲ್ಲ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ: ಯಾವ ಮರ, ಯಾವ ಅಳತೆ, ನಯ ಮಾಡಿದ ಮೇಲೆ ಎಷ್ಟು ಉಳಿಯಬೇಕು, ಚದರಡಿ ಮಾಡಿನದೋ ನೆಲದ್ದೋ, ಉಳಿದ ತುಂಡು ಯಾರಿಗೆ. ಮರ ಅಂಗಳಕ್ಕೆ ಇಳಿದ ದಿನ ಇಬ್ಬರೂ ನಿಂತು ಒಟ್ಟಿಗೆ ಅಳೆದು, ತುಂಡು ತುಂಡಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಹಾಕಿ. ಹಂಚು ಏರಿದ ಮೇಲೆ ಪಕಾಸಿನ ಎತ್ತರ ಅಳೆಯಲು ಟೇಪು ಆಡುವುದಿಲ್ಲ.