ದ್ವೀಪಕ್ಕೆ ವೀಸಾ ಬೇಡ, ದಾರಿಗೆ ಬೇಕು

"ಬಾರ್ಬಡೋಸ್‌ಗೆ ವೀಸಾನೇ ಬೇಡ್ವಂತೆ, ಹೌದಾ ಸರ್?"

ನಮ್ಮ ಟ್ರಾವೆಲ್ ಆಫೀಸಿಗೆ ಈ ಫೋನು ಆಗಾಗ ಬರುತ್ತದೆ. ಹೌದು, ಭಾರತದ ಪಾಸ್‌ಪೋರ್ಟ್ ಇದ್ದವರು ಈ ಕೆರಿಬಿಯನ್ ದ್ವೀಪಕ್ಕೆ ಸುತ್ತಾಡಲು ಹೋದರೆ 90 ದಿನದವರೆಗೆ ವೀಸಾ ಬೇಡ. ಆದರೆ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ಜಾಸ್ತಿ ಜನ ಹೋಗುವುದು ಲಂಡನ್ ಅಥವಾ ಅಮೆರಿಕದ ಮೇಲೆ. ತೊಡಕು ಇರುವುದೇ ಅಲ್ಲಿ.

ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಿಸುವುದಾದರೂ ಇಮಿಗ್ರೇಷನ್ ದಾಟಲೇಬೇಕು. ಅಂದರೆ ವೀಸಾ ಬೇಕೇ ಬೇಕು. ಬ್ರಿಟನ್‌ನಲ್ಲೂ ನಮ್ಮವರಿಗೆ ಟ್ರಾನ್ಸಿಟ್ ವೀಸಾದ ನಿಯಮ ಇದೆ. ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹೊರಡುವ ಟಿಕೆಟ್ ಅಗ್ಗಕ್ಕೆ ಕಂಡರೆ ಇನ್ನೂ ಹುಷಾರಾಗಿರಿ. ಅವೆರಡೂ ಬೇರೆ ಬೇರೆ ವಿಮಾನ ನಿಲ್ದಾಣ. ಒಂದರಿಂದ ಇನ್ನೊಂದಕ್ಕೆ ಲಗೇಜ್ ಸಮೇತ ರಸ್ತೆಯಲ್ಲಿ ಹೋಗಬೇಕು, ಬ್ರಿಟನ್ ಒಳಗೆ ಕಾಲಿಡಲೇಬೇಕು.

ಇದಕ್ಕಿಂತ ವಿಚಿತ್ರವಾದ ಕೇಸ್ ಒಂದು ಬಂದಿತ್ತು. ಮೈಸೂರಿನ ಹಿರಿಯ ದಂಪತಿ. ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಚ್‌-1ಬಿ ಅನ್ನುವ ಕೆಲಸದ ವೀಸಾ ಮೇಲೆ. ಎಲ್ಲರೂ ಬಾರ್ಬಡೋಸ್‌ನಲ್ಲಿ ಸೇರೋಣ ಅಂತ ಪ್ಲಾನ್. ಅಪ್ಪ ಅಮ್ಮನ ಬಳಿ ಅಮೆರಿಕದ ವಿಸಿಟರ್ ವೀಸಾ ಇತ್ತು, ಅವರ ದಾರಿ ಸಲೀಸು. ಸಿಕ್ಕಿಹಾಕಿಕೊಂಡಿದ್ದು ಅಮೆರಿಕದಲ್ಲೇ ಇದ್ದ ಮಗ. ಅವನ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿತ್ತು. "ಐ-797 ಇದೆಯಲ್ಲ ಅಂಕಲ್, ಸ್ಟೇಟಸ್ ಸರಿಯಾಗೇ ಇದೆ" ಅಂದ. ಐ-797 ಅಂದರೆ ಅಲ್ಲಿನ ವಲಸೆ ಇಲಾಖೆಯ ಒಪ್ಪಿಗೆ ಪತ್ರ. ಒಳಗೆ ಇರುವುದಕ್ಕೆ ಆ ಕಾಗದ ಸಾಕು. ಹೊರಗೆ ಹೋದವನು ವಾಪಸ್ ಬರಲು ಸ್ಟ್ಯಾಂಪ್ ಬೇಕು. ಕೆನಡಾಕ್ಕೋ ಮೆಕ್ಸಿಕೊಕ್ಕೋ 30 ದಿನದೊಳಗೆ ಹೋಗಿ ಬರುವವರಿಗೆ ಒಂದು ವಿನಾಯಿತಿ ಉಂಟು. ಎಚ್‌-1ಬಿಯವರಿಗೆ ಅದು ಕೆರಿಬಿಯನ್ ದ್ವೀಪಗಳಿಗೆ ಸಿಗುವುದಿಲ್ಲ. ಕೊನೆಗೆ ಎಲ್ಲರೂ ಪೋರ್ಟೊ ರಿಕೊಗೆ ಹೋದರು. ಕಡಲು ಅದೇ ಕೆರಿಬಿಯನ್, ನೆಲ ಮಾತ್ರ ಅಮೆರಿಕದ್ದು. ಮಗನಿಗೆ ಅದು ಒಳನಾಡಿನ ವಿಮಾನ.

ಅಂದಿನಿಂದ ನಾನು ಹೋಟೆಲ್ ಮಾತು ಕೊನೆಗೇ ಎತ್ತುವುದು. ಮೊದಲು ದಾರಿ, ಆಮೇಲೆ ತಿಂಗಳು.

ತಿಂಗಳ ವಿಷಯ ನಮಗೆ ಕ್ರಿಕೆಟ್ಟೇ ಕಲಿಸಿಕೊಟ್ಟಿದೆ. 2024ರ ಜೂನ್ 29ರಂದು ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. 2007ರಲ್ಲಿ ನಾಯಕನಾಗಿ ವೆಸ್ಟ್ ಇಂಡೀಸ್‌ನಿಂದ ಬರಿಗೈಲಿ ಬಂದಿದ್ದ ನಮ್ಮ ದ್ರಾವಿಡ್, ಈ ಸಲ ಕೋಚ್ ಆಗಿ ಕಪ್ ಹಿಡಿದು ಕೂಗಾಡಿದ್ದು ನೆನಪಿದೆ ಅಲ್ವಾ? ಅದರ ಬೆನ್ನಿಗೇ ಬೆರಿಲ್ ಚಂಡಮಾರುತ ಬಂತು. ವಿಮಾನ ನಿಲ್ದಾಣ ಮುಚ್ಚಿತು. ವಿಶೇಷ ವಿಮಾನದಲ್ಲಿ ತಂಡ ದೆಹಲಿಗೆ ಬಂದಿದ್ದು ಜುಲೈ 4ಕ್ಕೆ. ವಿಶ್ವಕಪ್ ಗೆದ್ದವರ ಪಾಡೇ ಹೀಗಾದರೆ ನಮ್ಮ ನಿಮ್ಮ ಟಿಕೆಟ್ ಯಾರು ಕೇಳುತ್ತಾರೆ?

ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಜೋರು ಜಾಸ್ತಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬಾರ್ಬಡೋಸ್ ಉಳಿದ ದ್ವೀಪಗಳಿಗಿಂತ ಪೂರ್ವಕ್ಕೆ ಇರುವುದರಿಂದ ನೇರ ಹೊಡೆತ ಕಡಿಮೆ. ಆದರೂ ದಸರಾ ರಜೆಗೆ ನಾನು ಆ ಕಡೆ ಕಳಿಸುವುದಿಲ್ಲ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹವೆ ಚೆನ್ನ, ರೂಮು ದುಬಾರಿ. ಎರಡನ್ನೂ ತೂಗಿದರೆ ಏಪ್ರಿಲ್ ಕೊನೆ, ಮೇ ನನಗೆ ಇಷ್ಟ. ನಮ್ಮ ಮಕ್ಕಳಿಗೂ ಆಗ ರಜೆ.

ಒಂದು ಅಡ್ಡಿ ಇದೆ. ಸುಮಾರು ಆ ತಿಂಗಳುಗಳಲ್ಲೇ ಸರ್ಗಾಸಮ್ ಅನ್ನುವ ಕಂದು ಪಾಚಿ ರಾಶಿರಾಶಿಯಾಗಿ ತೇಲಿ ಬರುತ್ತದೆ. 2011ರಿಂದ ಈ ಕಾಟ ಹೆಚ್ಚಾಗಿದೆ. ದಡಕ್ಕೆ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೆಚ್ಚಾಗಿ ಬಂದು ಬೀಳುವುದು ಪೂರ್ವ ಮತ್ತು ದಕ್ಷಿಣ ದಡಕ್ಕೆ. ಅದಕ್ಕೇ ಫೋಟೋ ನೋಡಿ ಹೋಟೆಲ್ ಹಿಡಿಯಬೇಡಿ, ಮ್ಯಾಪ್ ನೋಡಿ ಹಿಡಿಯಿರಿ. ಪೂರ್ವದ ಬಾತ್‌ಶೀಬಾ ನೋಡಲು ಬಲು ಚೆಂದ, ಆದರೆ ಅಟ್ಲಾಂಟಿಕ್ ಅಲೆಗಳ ಅಬ್ಬರ ಈಜುವವರಿಗಲ್ಲ. ಪಶ್ಚಿಮದ ನೀರು ಶಾಂತ, ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲೇ ಉಳಿಯಲಿ. ಇಡೀ ದ್ವೀಪ ಸುಮಾರು 34 ಕಿಲೋಮೀಟರ್ ಉದ್ದ, 23 ಅಗಲ. ಇನ್ನೊಂದು ದಡ ನೋಡಿ ಸಂಜೆಗೆ ವಾಪಸ್ ಬರಬಹುದು.

ಊಟದ ಚಿಂತೆ ಬೇಡ. ಮೀನು ತಿನ್ನುವವರಿಗೆ ಶುಕ್ರವಾರ ರಾತ್ರಿ ಆಯ್‌ಸ್ಟಿನ್ಸ್ ಅನ್ನುವ ಮೀನುಗಾರರ ಊರು ಹಬ್ಬದ ಹಾಗೆ. ಸಸ್ಯಾಹಾರಿಗಳು ರಾಸ್ತಾಫಾರಿ ಪಂಥದವರ ಐಟಲ್ ಅನ್ನುವ ಸಸ್ಯಾಹಾರಿ ಅಡುಗೆ ಹುಡುಕಿ. ಜೀಗುಜ್ಜೆ ಅಲ್ಲೂ ಬೆಳೆಯುತ್ತದೆ, ಕೆಂಡದಲ್ಲಿ ಸುಡುತ್ತಾರೆ. ಮಂಗಳೂರಿನವರಿಗೆ ಪೋಡಿ ನೆನಪಾಗದೇ ಇರದು.

ದುಡ್ಡಿನ ವಿಷಯಕ್ಕೆ ಬಂದರೆ, ಎರಡು ಬಾರ್ಬಡೋಸ್ ಡಾಲರ್ ಅಂದರೆ ಒಂದು ಅಮೆರಿಕನ್ ಡಾಲರ್. ಅಂಗಡಿಗಳಲ್ಲಿ ಎರಡೂ ನಡೆಯುತ್ತವೆ. ಬೆಲೆ ಹೇಳಿದ ಕೂಡಲೇ "ಯಾವ ಡಾಲರ್?" ಅಂತ ಕೇಳಿ.

"ಹೇಗೂ ಹೋಗಿದ್ದೀವಿ, ಪಕ್ಕದ ಟ್ರಿನಿಡಾಡ್ ನೋಡ್ಕೊಂಡು ಬರ್ತೀವಿ" ಅನ್ನುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡಿ. ಹೊರಡುವ 10 ದಿನ ಮೊದಲಾದರೂ ಆಗಿರಬೇಕು. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಇದು ನಮ್ಮ ದೇಶದ್ದೇ ನಿಯಮ.

ಬೀಚಿನಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿದ ಮರ ಕಂಡರೆ ದೂರ ಇರಿ. ಅದು ಮ್ಯಾಂಚಿನೀಲ್. ಸಣ್ಣ ಹಸಿರು ಸೇಬಿನಂಥ ಅದರ ಹಣ್ಣು ವಿಷ. ಮಳೆ ಬಂತೆಂದು ಅದರ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿಗೇ ಚರ್ಮ ಬೊಬ್ಬೆ ಬರುತ್ತದೆ.

ಇನ್ನು ಪ್ಯಾಕಿಂಗ್. ಮಿಲಿಟರಿ ಡಿಸೈನಿನ ಬಟ್ಟೆ ತೊಡುವುದು ಅಲ್ಲಿ ಅಪರಾಧ, ಮಕ್ಕಳಿಗೂ ವಿನಾಯಿತಿ ಇಲ್ಲ. ಮೊಮ್ಮಗನಿಗೆ ಅಂತ ಆಸೆಯಿಂದ ತಂದ ಆ ಚಡ್ಡಿಯನ್ನು ಬೀರುವಿನಲ್ಲೇ ಬಿಟ್ಟು ಹೋಗಿ.