ಹಾವು ಕಡಿತ: ಗಾಯ ನೋಡಿ ಅಪಾಯ ಅಳೆಯಬಾರದು

ಈ ಪಾಠದಲ್ಲಿ ಮೊದಲು ನೆನಪಿಡಬೇಕಾದದ್ದು ಕಾರ್ಲ್ ಸ್ಮಿಟ್ ಅವರ ಸಾವು. ಹಾವುಗಳ ಅಧ್ಯಯನದಲ್ಲೇ ಬದುಕು ಕಳೆದ ಶಿಕಾಗೊದ ವಿಜ್ಞಾನಿ ಅವರು. 1957ರ ಸೆಪ್ಟೆಂಬರ್‌ನಲ್ಲಿ ಬೂಮ್‌ಸ್ಲ್ಯಾಂಗ್ ಎಂಬ ಆಫ್ರಿಕಾದ ವಿಷದ ಹಾವಿನ ಮರಿಯೊಂದನ್ನು ಪರೀಕ್ಷಿಸುವಾಗ ಅದು ಹೆಬ್ಬೆರಳಿಗೆ ಕಚ್ಚಿತು. ಹಾವು ಚಿಕ್ಕದು, ಇಳಿದದ್ದು ಒಂದೇ ವಿಷದ ಹಲ್ಲು. ಅವರು ಚಿಕಿತ್ಸೆಗೆ ಹೋಗದೆ ತಮ್ಮ ಲಕ್ಷಣಗಳನ್ನು ಬರೆದಿಡುತ್ತ ಕೂತರು. ಮರುದಿನವೇ ರಕ್ತಸ್ರಾವದಿಂದ ತೀರಿಕೊಂಡರು. ಅಷ್ಟು ತಿಳಿದವರೇ ಗಾಯ ನೋಡಿ ಮೋಸಹೋದರು ಎಂದಮೇಲೆ ನಾವು ಅಂದಾಜು ಹಾಕುವುದು ಬೇಡ.

ಇನ್ನು ಹಾವು ಹಿಡಿಯುವ ವಿಚಾರ. ತರಬೇತಿ ಇಲ್ಲದವರ ಕೆಲಸ ದೂರ ನಿಂತು ಹಾವಿನ ಮೇಲೆ ಕಣ್ಣಿಟ್ಟು, ಜನರನ್ನು ಹತ್ತಿರ ಬಿಡದೆ, ಬಲ್ಲವರನ್ನು ಕರೆಸುವುದು, ಅಷ್ಟೇ. ಕನಿಷ್ಠ ಹಾವಿನ ಉದ್ದದಷ್ಟಾದರೂ ಅಂತರವಿರಲಿ. ಬಲ್ಲವರೂ ಕತ್ತು ಅದುಮಿ ಹಿಡಿಯುವುದನ್ನು ಆದಷ್ಟು ತಪ್ಪಿಸುತ್ತಾರೆ: ಹಾವಿಗೆ ಪೆಟ್ಟಾಗುತ್ತದೆ, ಹಿಡಿತ ಸಡಿಲಿದರೆ ಕೈಗೇ ಕಡಿತ. ಕೊಕ್ಕೆಕೋಲಿನಿಂದ ಮೈಗೆ ಆಸರೆ ಕೊಟ್ಟು, ಕತ್ತಲಿರುವ ಪೈಪು–ಚೀಲದೊಳಗೆ ಅದೇ ಹೋಗುವಂತೆ ಮಾಡುವುದು ಒಳ್ಳೆಯ ಕ್ರಮ. ಚೀಲವನ್ನು ಮೈಗೆ ತಾಗಿಸಿಕೊಂಡು ಒಯ್ಯಬಾರದು, ಬಟ್ಟೆಯ ಮೂಲಕವೂ ಹಲ್ಲು ನಾಟುತ್ತದೆ. ಸತ್ತ ಹಾವನ್ನೂ ಮುಟ್ಟಬೇಡಿ. ಕಡಿದು ಬಿದ್ದ ತಲೆಯೂ ಕೆಲಹೊತ್ತು ಕಚ್ಚಬಲ್ಲದು.

ಮಂಡಲದ ಹಾವುಗಳು ಕಚ್ಚಿದರೆ ಸಾಮಾನ್ಯವಾಗಿ ಉರಿ, ಬಾವು, ನಿಲ್ಲದ ರಕ್ತ. ಕಟ್ಟುಹಾವಿನದು ಬೇರೆಯೇ ಬಗೆ. ಮಲಗಿದ್ದವರಿಗೆ ಕಚ್ಚಿದ್ದು ಗೊತ್ತೇ ಆಗದಿರಬಹುದು. ನೋವಿಲ್ಲ, ಗುರುತೂ ಕಾಣದು. ಗಂಟೆಗಳ ನಂತರ ರೆಪ್ಪೆ ಜೋಲುತ್ತದೆ, ನುಂಗಲಾಗದು, ಉಸಿರು ಸೋಲುತ್ತದೆ. ಎಷ್ಟೋ ಸಲ ವಿಷದ ಹಾವು ವಿಷ ಬಿಡದೆಯೂ ಕಚ್ಚುತ್ತದೆ. ಮಂತ್ರ, ಬೇರು, ಕಲ್ಲು ಫಲಿಸಿದವು ಎಂಬ ನಂಬಿಕೆಗೆ ಇಂಥ ಒಣ ಕಡಿತಗಳೂ ಕಾರಣ.

ಆದ್ದರಿಂದ ಯಾವ ಕಡಿತವಾದರೂ ಕ್ರಮ ಒಂದೇ. ಕಚ್ಚಿಸಿಕೊಂಡವರನ್ನು ಹಾವಿನಿಂದ ದೂರ ಸರಿಸಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಬಾವು ಬಂದಮೇಲೆ ಅವೇ ಬೆರಳನ್ನು ಹಿಂಡುತ್ತವೆ. ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ, ನಡೆಯಲು ಬಿಡದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಕಚ್ಚಿದ ಸಮಯ ಬರೆದುಕೊಳ್ಳಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ.

ಪ್ರತಿವಿಷದ ಬಗ್ಗೆ ಎರಡು ಮಾತು. ಫ್ರಾನ್ಸಿನ ವೈದ್ಯ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಇದನ್ನು ರೂಪಿಸಿದರು. ಒಂದು ಜಾತಿಯ ಹಾವಿಗೆ ಮಾಡಿದ್ದು ಇನ್ನೊಂದಕ್ಕೆ ನಾಟುವುದಿಲ್ಲವೆಂದು ಬ್ರೆಜಿಲಿನ ವೈದ್ಯ ವಿಟಾಲ್ ಬ್ರಜಿಲ್ ತೋರಿಸಿಕೊಟ್ಟರು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು, ಏಕೆಂದರೆ ಹಾವು ಬಿಟ್ಟ ವಿಷ ಮೈಯ ಗಾತ್ರ ನೋಡಿ ಕಡಿಮೆಯಾಗುವುದಿಲ್ಲ. ರಕ್ತದಲ್ಲಿ ಓಡಾಡುವ ವಿಷವನ್ನು ಪ್ರತಿವಿಷ ಹಿಡಿಯುತ್ತದೆ, ಆಗಲೇ ಹಾಳಾದ ನರದ ತುದಿಯನ್ನು ಸರಿಮಾಡದು. ತಡವಾಗಬಾರದು ಎನ್ನುವುದು ಇದಕ್ಕೇ.

ತಡವಾದರೂ ಕೈಬಿಡಬಾರದು. ಕಟ್ಟುಹಾವು ಕಡಿದವರು ಕಣ್ಣು ತೆರೆಯದೆ, ಬೆರಳೂ ಆಡಿಸದೆ ಸತ್ತವರಂತೆ ಕಾಣಬಹುದು. ಕೃತಕ ಉಸಿರಾಟ ಕೊಟ್ಟು ಕಾಯ್ದರೆ ದಿನಗಳ ನಂತರ ಎದ್ದು ಕೂತವರಿದ್ದಾರೆ. ಆ ಹೊತ್ತಿನಲ್ಲೂ ಸುತ್ತಲಿನವರ ಮಾತು ಅವರಿಗೆ ಕೇಳಿಸುತ್ತಿರಬಹುದು.