ನೀರು ತಿಳಿಯಾಯಿತು, ಕಾಯಿಲ್ ಶುದ್ಧವಾಯಿತಾ?

ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗ ಒಂದು ದಿನ ಚಿಕ್ಕ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ ನಾಲ್ಕು ವೇಪ್ (ಲಿಕ್ವಿಡ್ ಕಾಯಿಸಿ ಆವಿ ಎಳೆಯುವ ಇ-ಸಿಗರೇಟ್) ಕಾಯಿಲ್‌ಗಳು. ಟ್ಯಾಂಕ್‌ನ ಬುಡಕ್ಕೆ ತಿರುಗಿಸಿ ಕೂರಿಸುತ್ತಾರಲ್ಲ, ಆ ಪುಟ್ಟ ಲೋಹದ ಕೊಳವೆಗಳು, ಒಳಗೆ ಬಿಸಿಯಾಗುವ ತಂತಿ, ಅದಕ್ಕೆ ತಾಗಿ ಹತ್ತಿ. ಒಂದೆರಡು ವಾರ ಬಳಸಿ ಬಿಸಾಡಿ ಎಂದೇ ಮಾಡಿದ ಬಗೆ. "ಸರ್, ಬಿಸಿನೀರಲ್ಲಿ ನಾಲ್ಕು ಸಲ ತೊಳೆದಿದ್ದೀನಿ. ಮೊದಲು ನೀರು ಕಂದು ಬಣ್ಣ ಬಂತು, ಕೊನೆಗೆ ಪೂರ್ತಿ ತಿಳಿಯಾಯ್ತು. ಅಂದ್ರೆ ಕ್ಲೀನ್ ಆಗಿದೆ ಅಲ್ವಾ? ಆದ್ರೂ ಮೂರನೇ ದಿನಕ್ಕೇ ಸುಟ್ಟ ವಾಸನೆ ಬರ್ತಿದೆ" ಎಂದ.

ನಾನು ಅದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಅವನನ್ನೇ ನೋಡು ಎಂದೆ. ತಂತಿಯ ಸುತ್ತ ಕಪ್ಪು ಹಕ್ಕಳೆ ಹಾಗೇ ಇತ್ತು. ತಂತಿಗೆ ತಾಗಿಕೊಂಡಿದ್ದ ಹತ್ತಿ ಕಂದು ತಿರುಗಿ, ಕೆಲವು ಕಡೆ ಕರಕಲಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊರಗಿನ ಹತ್ತಿ ಮಾತ್ರ ಬೆಳ್ಳಗಾಗಿತ್ತು. ನಾಲ್ಕು ಸಲ ತೊಳೆದಾಗ ಹೊರಗೆ ಬಂದದ್ದು ಹತ್ತಿಯಲ್ಲಿ ಉಳಿದಿದ್ದ, ಇನ್ನೂ ಸುಡದ ಲಿಕ್ವಿಡ್. ಸುಟ್ಟದ್ದು ಅಲ್ಲೇ ಕೂತಿತ್ತು.

ಬಿಸಿಯಾಗುವ ತಂತಿಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ, ಕೆಟಲ್‌ನಿಂದ ಹಿಡಿದು ಇಂಥ ಪುಟಾಣಿ ಕಾಯಿಲ್‌ವರೆಗೆ. ಹಾಗಾಗಿ ಕಾಯಿಲ್ ತೊಳೆದು ಮತ್ತೆ ಬಳಸಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ದುಡ್ಡು ಉಳಿಸಲು ಕೇಳುವವರಿದ್ದಾರೆ. ಇಷ್ಟು ಲೋಹವನ್ನು ಸುಮ್ನೆ ಕಸಕ್ಕೆ ಹಾಕಬೇಕಲ್ಲ ಎಂಬ ಸಂಕಟದಿಂದ ಕೇಳುವವರೂ ಇದ್ದಾರೆ. ಎರಡೂ ನ್ಯಾಯವಾದ ಕಾರಣಗಳೇ. ಅದಕ್ಕೇ ಸರಿಯಾಗಿ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ತಂತಿಯ ಮಾತು. ಅದು ಗಟ್ಟಿ ವಸ್ತು, ಹೆಚ್ಚಾಗಿ ನೈಕ್ರೋಮ್ ಇಲ್ಲವೇ ಕಾಂತಲ್. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್‌ಗೆ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದದ್ದು 1906ರಲ್ಲಿ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂತಲ್ ಹುಟ್ಟಿದ್ದು ಸ್ವೀಡನ್‌ನಲ್ಲಿ. ಇವು ಕುಲುಮೆಗಳಲ್ಲಿ ಕೆಂಪಗೆ ಕಾದು ವರ್ಷಗಟ್ಟಲೆ ದುಡಿಯುವ ಮಿಶ್ರಲೋಹಗಳು. ಕಾಂತಲ್ ಕಾದಾಗ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡ್‌ನ ತೆಳುವಾದ ಪದರ ಬೆಳೆಯುತ್ತದೆ, ಒಳಗಿನ ಲೋಹವನ್ನು ಆ ಪದರವೇ ಕಾಪಾಡುತ್ತದೆ. ಹಾಗಾಗಿ "ತಂತಿ ಚೆನ್ನಾಗೇ ಇದೆ, ಯಾಕೆ ಬಿಸಾಡಬೇಕು?" ಎಂದು ಕೇಳುವವರ ಊಹೆ ತಪ್ಪಲ್ಲ. ತಂತಿ ನಿಜಕ್ಕೂ ಚೆನ್ನಾಗೇ ಇರುತ್ತದೆ.

ಕೆಟ್ಟುಹೋಗಿರುವುದು ಹತ್ತಿ.

ದೀಪದ ಬತ್ತಿಯನ್ನೇ ನೆನಪಿಸಿಕೊಳ್ಳಿ. ಬತ್ತಿಯ ತುದಿ ಕರಿ ಕಟ್ಟಿದರೆ ಆ ಕರಿಯನ್ನು ತೆಗೆದುಹಾಕುತ್ತೇವೆ, ಇಲ್ಲವೇ ಬತ್ತಿಯನ್ನೇ ಬದಲಿಸುತ್ತೇವೆ. ಕರಿ ಬತ್ತಿಯನ್ನು ತೊಳೆದು ಒಣಗಿಸಿ ಮತ್ತೆ ಹಚ್ಚಿದವರನ್ನು ನಾನಂತೂ ನೋಡಿಲ್ಲ. ವೇಪ್ ಕಾಯಿಲ್‌ನಲ್ಲಿ ಹತ್ತಿ ಮಾಡುವುದೂ ಅದೇ ಬತ್ತಿಯ ಕೆಲಸ, ಲಿಕ್ವಿಡ್ ಹೀರಿ ತಂತಿಯ ಹತ್ತಿರಕ್ಕೆ ತರುವುದು. ಆದರೆ ಇಲ್ಲಿ ಬತ್ತಿ ಲೋಹದ ಕೊಳವೆಯ ಒಳಗೆ ಸಿಕ್ಕಿಕೊಂಡಿದೆ. ತುದಿ ಕತ್ತರಿಸುವಂತಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಇದು ಹೇಗೆ ಸುಡುತ್ತದೆ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಲಿಕ್ವಿಡ್‌ನ ಮುಖ್ಯ ಭಾಗ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಎರಡನೆಯದು 290ಕ್ಕೆ. ಹತ್ತಿ ಒದ್ದೆಯಾಗಿರುವಷ್ಟು ಹೊತ್ತು ತಂತಿಯ ಬಿಸಿಯೆಲ್ಲ ಲಿಕ್ವಿಡ್ ಆವಿಯಾಗಲಿಕ್ಕೇ ಖರ್ಚಾಗುತ್ತದೆ, ಆದ್ದರಿಂದ ತಾಪಮಾನ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಒಂದು ಕ್ಷಣ ಹತ್ತಿ ಒಣಗಿತು ಅಂದುಕೊಳ್ಳಿ, ಬಿಸಿಯನ್ನು ಹೊತ್ತೊಯ್ಯಲು ಏನೂ ಇಲ್ಲ, ತಂತಿ ಸರ್ರನೆ ಮೇಲೇರಿ ಹತ್ತಿಯನ್ನೇ ಸುಡಲು ಶುರು ಮಾಡುತ್ತದೆ. ಗಂಟಲು ಹಿಡಿದ ಹಾಗಾಗುವ ಆ 'ಡ್ರೈ ಹಿಟ್' ಇದೇ. ಗ್ಲಿಸರಿನ್ ಅತಿಯಾಗಿ ಕಾದಾಗ ಕಣ್ಣು, ಮೂಗು ಉರಿಸುವ ಅಕ್ರೋಲೀನ್ ಹುಟ್ಟುತ್ತದೆ. ಜೊತೆಗೆ ಫಾರ್ಮಾಲ್ಡಿಹೈಡ್ ಕೂಡ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಸಾಬೀತಾದ ವಸ್ತುಗಳ ಪಟ್ಟಿಯಲ್ಲಿದೆ.

ಸಿಹಿ ಲಿಕ್ವಿಡ್‌ಗಳದ್ದು ಇನ್ನೂ ಒಂದು ತೊಂದರೆ. ಸಿಹಿಗಾಗಿ ಹೆಚ್ಚಾಗಿ ಸುಕ್ರಲೋಸ್ ಹಾಕುತ್ತಾರೆ. ಅದು ಉಳಿದದ್ದರ ಜೊತೆ ನೀಟಾಗಿ ಆವಿಯಾಗಿ ಹೋಗುವುದಿಲ್ಲ. ಬಿಸಿಗೆ ಒಡೆದು, ಪಾಕ ಕಟ್ಟಿ, ಕಪ್ಪಾಗಿ ತಂತಿಗೆ ಅಂಟುತ್ತದೆ. ಒಡೆಯುವಾಗ ಕ್ಲೋರಿನ್ ಇರುವ ವಸ್ತುಗಳೂ ಹೊರಬರುತ್ತವೆ. ಅಂಟಿದ ಪದರ ಬಿಸಿಯನ್ನು ತಡೆಯುತ್ತದೆ, ಲಿಕ್ವಿಡ್ ತಂತಿಯನ್ನು ಸರಿಯಾಗಿ ಮುಟ್ಟುವುದಿಲ್ಲ, ಅಲ್ಲಲ್ಲಿ ತಂತಿ ಜಾಸ್ತಿ ಕಾಯುತ್ತದೆ, ಅಲ್ಲಿ ಇನ್ನಷ್ಟು ಪದರ ಕಟ್ಟುತ್ತದೆ. ಒಮ್ಮೆ ಶುರುವಾದರೆ ಇದು ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ.

ಈ ಹಕ್ಕಳೆ ನೀರಿಗೆ ಕರಗುವುದಿಲ್ಲ, ಆಲ್ಕೋಹಾಲ್‌ಗೂ ಕರಗುವುದಿಲ್ಲ. ಜನ ವಿನೆಗರ್‌ನಲ್ಲಿ ನೆನೆಸುತ್ತಾರೆ, ಅಡುಗೆ ಸೋಡಾ ಹಾಕುತ್ತಾರೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ಇವು ಮೇಲಿನ ಜಿಡ್ಡನ್ನು ತೆಗೆಯುತ್ತವೆ ಅಷ್ಟೇ. ಅಲ್ಟ್ರಾಸಾನಿಕ್ ಕ್ಲೀನರ್ ಇದ್ದವರು ಅದನ್ನೇ ದೊಡ್ಡ ಉಪಾಯ ಅಂದುಕೊಳ್ಳುತ್ತಾರೆ. ಬರೀ ಲೋಹಕ್ಕಾದರೆ ಅದು ಒಳ್ಳೆಯ ಯಂತ್ರ, ನಾನೂ ದಿನಾ ಬಳಸುತ್ತೇನೆ. ದ್ರವದಲ್ಲಿ ಸಾವಿರಾರು ಸಣ್ಣ ಗುಳ್ಳೆಗಳು ಒಡೆದು ಕೊಳೆಯನ್ನು ಕಿತ್ತುಹಾಕುತ್ತವೆ. ಆದರೆ ಹತ್ತಿ ಆ ಕಂಪನವನ್ನು ನುಂಗಿಬಿಡುತ್ತದೆ. ಒಂದಿಷ್ಟು ಹಕ್ಕಳೆ ಕಿತ್ತರೂ ಅದು ಎಲ್ಲಿಗೆ ಹೋಗುತ್ತದೆ? ಸುತ್ತಲಿನ ಹತ್ತಿಯೇ ಅದನ್ನು ಸೋಸಿ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪುಡಿ ತಂತಿಯ ಪಕ್ಕದಲ್ಲಿ ಕಾಯುತ್ತದೆ.

ಆಲ್ಕೋಹಾಲ್‌ನಲ್ಲಿ ನೆನೆಸಿದ ಕಾಯಿಲ್ ಪೂರ್ತಿ ಒಣಗದೆ ಬಟನ್ ಒತ್ತಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ.

ಇನ್ನು 'ಡ್ರೈ ಬರ್ನ್'. ಲಿಕ್ವಿಡ್ ಇಲ್ಲದೆ ತಂತಿಯನ್ನು ಕೆಂಪಗೆ ಕಾಯಿಸಿ ಹಕ್ಕಳೆಯನ್ನು ಸುಟ್ಟು ಬೂದಿ ಮಾಡುವುದು. ತಂತಿ ಬರಿದಾಗಿದ್ದರೆ ಇದು ಕೆಲಸ ಮಾಡುತ್ತದೆ. ಹತ್ತಿ ಒಳಗಿರುವ ಕಾಯಿಲ್‌ನಲ್ಲಿ ಮಾಡಿದರೆ ನೀವು ಸುಡುವುದು ಹತ್ತಿಯನ್ನೇ, ಜೊತೆಗೆ ಕೆಳಗಿನ ರಬ್ಬರ್ ಅಥವಾ ಸಿಲಿಕೋನ್ ಇನ್ಸುಲೇಟರ್ ಕೂಡ ಸುಟ್ಟು ಹಾಳಾಗಬಹುದು. ಸೆರಾಮಿಕ್ ಕಾಯಿಲ್‌ಗೆ ಯಾವತ್ತೂ ಮಾಡಬೇಡಿ, ಬಿರುಕು ಬಿಡಬಹುದು. ಕೆಂಪಗಿರುವ ತಂತಿಯನ್ನು ನೀರಿಗೆ ಅದ್ದುವ ಅಭ್ಯಾಸವೂ ಕೆಲವರಿಗಿದೆ. ಆ ಹಠಾತ್ ತಂಪಿಗೆ, ತಂತಿಯನ್ನು ಕಾಪಾಡುವ ಆಕ್ಸೈಡ್ ಪದರವೇ ಸೀಳಬಹುದು.

ಕೆಲವರು ಚಿಮಟದಿಂದ ಹಳೇ ಹತ್ತಿ ಎಳೆದು ಹೊಸ ಹತ್ತಿ ತುರುಕುತ್ತಾರೆ. ಯೋಚನೆ ಸರಿಯಾದದ್ದೇ, ಕೆಟ್ಟ ಭಾಗವನ್ನೇ ಬದಲಿಸುವ ಯೋಚನೆ. ಆದರೆ ಈ ಕೊಳವೆಗಳನ್ನು ಬಿಚ್ಚಿ ಕಟ್ಟಲೆಂದು ಮಾಡಿಲ್ಲ. ಎಳೆಯುವಾಗ ತಂತಿ ಸ್ವಲ್ಪ ವಾಲಿ ಕೊಳವೆಯ ಗೋಡೆಗೆ ತಾಗಿದರೆ ಶಾರ್ಟ್. ಪೂರ್ತಿ ಶಾರ್ಟ್ ಬೇಡ, 3.7 ವೋಲ್ಟ್ ಬ್ಯಾಟರಿಗೆ 0.1 ಓಮ್‌ನಷ್ಟೇ ಪ್ರತಿರೋಧ ಸಿಕ್ಕಿದರೂ 37 ಆಂಪಿಯರ್ ಹರಿಯಲು ನೋಡುತ್ತದೆ. ಸಣ್ಣ ಲಿಥಿಯಂ ಬ್ಯಾಟರಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಒಳ್ಳೆಯ ಸರ್ಕ್ಯೂಟ್ ಇರುವ ಸಾಧನ ಇದನ್ನು ಗುರುತಿಸಿ ಕರೆಂಟ್ ನಿಲ್ಲಿಸುತ್ತದೆ, ಸರ್ಕ್ಯೂಟೇ ಇಲ್ಲದ ಮೆಕ್ಯಾನಿಕಲ್ ಸಾಧನ ನಿಲ್ಲಿಸುವುದಿಲ್ಲ.

ಹುಡುಗ ಇನ್ನೊಂದು ಪ್ರಶ್ನೆ ಕೇಳಿದ. "ಮಲ್ಟಿಮೀಟರ್‌ನಲ್ಲಿ ನೋಡ್ದೆ ಸರ್, 0.8 ಓಮ್ ಬರೆದಿದೆ, ಹೆಚ್ಚು ಕಡಿಮೆ ಅಷ್ಟೇ ತೋರಿಸ್ತಿದೆ. ಹಾಗಾದ್ರೆ ಸರಿ ಇದೆ ಅಲ್ವಾ?" ಇಲ್ಲಿ ಬಹಳ ಜನ ಎಡವುತ್ತಾರೆ. ಓಮ್ ಅಳೆಯುವುದು ತಂತಿಯನ್ನು. ಮೇಲಿನ ಹಕ್ಕಳೆ, ಪಕ್ಕದ ಹತ್ತಿ ಮೀಟರ್‌ಗೆ ಕಾಣುವುದಿಲ್ಲ. ಅಳತೆ ತುಂಬಾ ಏರಿಳಿದರೆ ಕಾಯಿಲ್ ಹಾಳಾಗಿದೆ ಎಂದು ಹೇಳಬಹುದು, ಏರಿಳಿಯದಿದ್ದರೆ ಚೆನ್ನಾಗಿದೆ ಎಂದು ಹೇಳಲಾಗದು. ಅಂದಹಾಗೆ, ಇಷ್ಟು ಕಡಿಮೆ ಓಮ್ ಅಳೆಯುವಾಗ ಮೊದಲು ಮೀಟರ್‌ನ ಎರಡೂ ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಕಳೆಯಬೇಕು. ಇಲ್ಲದಿದ್ದರೆ ಮೀಟರ್ ವೈರಿನ ಅಳತೆಯೂ ಅದರಲ್ಲಿ ಸೇರಿಹೋಗುತ್ತದೆ.

ಹಾಗಾದರೆ ತೊಳೆಯುವುದರಿಂದ ಲಾಭವೇ ಇಲ್ಲವಾ? ಒಂದು ಸಂದರ್ಭದಲ್ಲಿ ಇದೆ. ಕಾಯಿಲ್ ಇನ್ನೂ ಹೊಸದು, ಸುಟ್ಟಿಲ್ಲ, ಲಿಕ್ವಿಡ್ ಬದಲಿಸಿದ್ದೀರಿ, ಹಳೇ ಫ್ಲೇವರ್ ವಾಸನೆ ಮಾತ್ರ ಹೋಗಬೇಕು. ಆಗ ಬಿಸಿನೀರಲ್ಲಿ ತೊಳೆದು, ಒಂದೆರಡು ದಿನ ಗಾಳಿಗೆ ಒಣಗಿಸಿ, ಮತ್ತೆ ಲಿಕ್ವಿಡ್ ನೆನೆಸಿ ಬಳಸಿದರೆ ನಡೆಯುತ್ತದೆ. ಸುಟ್ಟ ವಾಸನೆ ಒಂದು ಸಲ ಬಂದ ಮೇಲೆ ಮಾತ್ರ ಯಾವ ಸ್ನಾನವೂ ಆ ಕಾಯಿಲ್ ಅನ್ನು ಮೊದಲಿನ ಹಾಗೆ ಮಾಡುವುದಿಲ್ಲ. ಎರಡು ದಿನ ಒಣಗಿಸಿ ಎರಡು ದಿನ ಬಳಸುವುದಕ್ಕೆ ಇಷ್ಟು ಪಾಡು ಬೇಡ.

ನಿಜವಾಗಿ ಉಳಿತಾಯ ಬೇಕೆಂದರೆ, ಕಸ ಕಡಿಮೆ ಮಾಡಬೇಕೆಂದರೆ, ಬಿಚ್ಚಿ ಕಟ್ಟಬಹುದಾದ ಅಟೊಮೈಸರ್ (ಲಿಕ್ವಿಡ್ ಆವಿ ಮಾಡುವ ಭಾಗ) ಕಡೆ ನೋಡಿ. ಅದರಲ್ಲಿ ತಂತಿ ಕಣ್ಣೆದುರಿಗೇ ಇರುತ್ತದೆ. ಹತ್ತಿ ತೆಗೆದುಹಾಕಿ, ಕಡಿಮೆ ವ್ಯಾಟ್‌ನಲ್ಲಿ ಮೆಲ್ಲಗೆ ಕಾಯಿಸಿ, ತಣ್ಣಗಾದ ಮೇಲೆ ಸಣ್ಣ ಬ್ರಷ್‌ನಿಂದ ಉಜ್ಜಿ ತೊಳೆದು, ಹೊಸ ಹತ್ತಿ ಹಾಕಿದರೆ ಆಯಿತು. ಅಲ್ಲಿ ಬಿಸಾಡುವುದು ಒಂದು ಚಿಟಿಕೆ ಹತ್ತಿ ಮಾತ್ರ. ಆದರೆ ಓಮ್ ಲೆಕ್ಕ, ಬ್ಯಾಟರಿ ಲೆಕ್ಕ ಕಲಿಯದೆ ಅದಕ್ಕೆ ಕೈ ಹಾಕಬೇಡಿ.

ಬಳಸಿ ಎಸೆಯುವ ಪೂರ್ತಿ ಸಾಧನ, ಅಂದರೆ ಬ್ಯಾಟರಿ, ಲಿಕ್ವಿಡ್, ಕಾಯಿಲ್ ಎಲ್ಲ ಒಂದೇ ಕವಚದಲ್ಲಿರುವುದು, ಅದನ್ನು ಒಡೆದು ಕಾಯಿಲ್ ತೊಳೆದು ಮತ್ತೆ ತುಂಬಿಸುವವರೂ ಇದ್ದಾರೆ. ಇದಕ್ಕೆ ನನ್ನ ಉತ್ತರ ಖಡಾಖಂಡಿತ ಬೇಡ. ಒಡೆಯುವಾಗ ಚೂಪಾದ ತುದಿ ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ ಕೈಯಲ್ಲೇ ಬೆಂಕಿ. ಇನ್ನೊಂದು ಕಾರಣ ಲೋಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕೆಲವು ಸಾಧನಗಳ ಒಳಭಾಗಗಳು ಸೀಸ ಬೆರೆತ ಕಂಚಿನವು ಎಂದೂ, ಅದರಿಂದ ಸೀಸ ಲಿಕ್ವಿಡ್‌ಗೆ ಇಳಿಯುತ್ತದೆ ಎಂದೂ ಕಂಡುಬಂತು. ಆ ಭಾಗವನ್ನು ಎಷ್ಟು ತೊಳೆದರೂ ಸೀಸ ಆ ಲೋಹದ ಒಳಗೇ ಇದೆ. ಮತ್ತೆ ತುಂಬಿಸಿದರೆ ಹೊಸ ಲಿಕ್ವಿಡ್ ಮತ್ತೆ ಅದರಲ್ಲೇ ನೆನೆಯುತ್ತದೆ.

ಹಾಗಂತ ಹೊಸ ಕಾಯಿಲ್ ಹಾಕಿದರೆ ಎಲ್ಲ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿದಾಗ, ಬಾಟಲಿಯ ಲಿಕ್ವಿಡ್‌ಗಿಂತ ಕಾಯಿಲ್ ದಾಟಿ ಬಂದ ಆವಿಯಲ್ಲಿ ಸೀಸ, ಕ್ರೋಮಿಯಂ, ನಿಕ್ಕಲ್ ಜಾಸ್ತಿ ಸಿಕ್ಕಿತ್ತು. ಕಾಯಿಲ್ ಪದೇ ಪದೇ ಬದಲಿಸುವವರಲ್ಲೂ ಆ ಪ್ರಮಾಣ ಹೆಚ್ಚೇ ಕಂಡಿತ್ತು. ಈ ಮಾತು ನನ್ನ ವಾದಕ್ಕೆ ಅನುಕೂಲವಲ್ಲ, ಆದರೂ ನಿಮಗೆ ಗೊತ್ತಿರಬೇಕು. ವೇಪ್ ಮಾಡದವರು ದಯವಿಟ್ಟು ಶುರು ಮಾಡಬೇಡಿ. ಬಿಡಬೇಕು ಅನ್ನಿಸಿದ್ದರೆ ಕಾಯಿಲ್ ತೊಳೆಯುವುದಕ್ಕೆ ಹಾಕುವ ಶ್ರಮವನ್ನು ವೈದ್ಯರ ಹತ್ತಿರ ಒಂದು ಮಾತಾಡುವುದಕ್ಕೆ ಹಾಕಿ.

ಸದ್ಯಕ್ಕೆ ಬಳಸುತ್ತಿದ್ದೀರಿ, ಕಾಯಿಲ್ ಸ್ವಲ್ಪ ಹೆಚ್ಚು ದಿನ ಬಾಳಬೇಕು ಅನ್ನುವುದಾದರೆ ಸುಡದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಹೊಸ ಕಾಯಿಲ್‌ನ ಹತ್ತಿ ಕಾಣುವ ತೂತುಗಳಿಗೆ ಕೆಲವು ಹನಿ ಲಿಕ್ವಿಡ್ ಬಿಟ್ಟು, ಟ್ಯಾಂಕ್ ತುಂಬಿಸಿ ಹತ್ತು ನಿಮಿಷ ಸುಮ್ನೆ ಇಡಿ. ಮೊದಲ ದಿನದ ಅವಸರದಲ್ಲೇ ಹಾಳಾದ ಕಾಯಿಲ್‌ಗಳನ್ನು ನಾನು ಬೇಕಾದಷ್ಟು ಸೀಳಿ ನೋಡಿದ್ದೇನೆ. ಕಾಯಿಲ್ ಮೇಲೆ ಬರೆದಿರುವ ವ್ಯಾಟ್ ಮಿತಿಯ ಕೆಳ ತುದಿಯಿಂದ ಶುರು ಮಾಡಿ. ಎಳೆತಗಳ ನಡುವೆ ಬಿಡುವು ಕೊಡಿ, ಹತ್ತಿ ಮತ್ತೆ ಲಿಕ್ವಿಡ್ ಹೀರಬೇಕಲ್ಲ. ಟ್ಯಾಂಕ್ ತಳ ಮುಟ್ಟುವ ಮೊದಲೇ ತುಂಬಿಸಿ. ಸುಕ್ರಲೋಸ್ ಇಲ್ಲದ ಲಿಕ್ವಿಡ್ ಸಿಕ್ಕರೆ ಅದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನನ್ನು ಕೇಳಿದೆ, ಯಾವುದರಲ್ಲಿ ತೊಳೆದೆ ಎಂದು. ದಿನಾ ನೀರು ಕುಡಿಯುವ ಲೋಟದಲ್ಲಿ ಎಂದ. ನನಗೆ ಗಾಬರಿಯಾದದ್ದು ಆಗಲೇ. ಆ ಕಂದು ನೀರಿನಲ್ಲಿ ನಿಕೋಟಿನ್ ಇರುತ್ತದೆ, ಅದು ಚರ್ಮದ ಮೂಲಕವೂ ಮೈಗೆ ಹೋಗುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಸ್ವಲ್ಪವೇ ಸಾಕು ವಿಷವಾಗಲು. ಫ್ಲೇವರ್ ಬದಲಿಸಲು ತೊಳೆಯುವುದಿದ್ದರೂ ಅದಕ್ಕೇ ಒಂದು ಬೇರೆ ಪಾತ್ರೆ ಇಟ್ಟುಕೊಳ್ಳಿ, ಕೈಗವಸು ಹಾಕಿ, ಕೆಲಸ ಮುಗಿದ ಕೂಡಲೇ ನೀರನ್ನು ಚೆಲ್ಲಿ ಸೋಪಿನಿಂದ ಕೈ ತೊಳೆಯಿರಿ. ಬಿಸಾಡುವ ಕಾಯಿಲ್‌ಗಳನ್ನೂ ಮುಚ್ಚಳ ಇರುವ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಅವನ ಲೋಟವನ್ನು ಆವತ್ತೇ ಬಿಸಾಡಿಸಿದೆ.